ಗೊರಬಲು ಕೇಳಿ ಮಲಗಿದ ನಾಯಿ

ಬರ್ಲಿನ್
9 ನವೆಂಬರ್ 2025, ಭಾನುವಾರ

ತೀರ್ಥರೂಪ ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ನಮಸ್ಕಾರಗಳು.

ಇತ್ತ ನಾನು ಕ್ಷೇಮ. ವಾರವಾರವೂ ವಿಡಿಯೋದಲ್ಲಿ ಮುಖ ನೋಡುತ್ತಿರುವಾಗ ಇದೇನು ಕಾಗದ ಎಂದು ಗಾಬರಿಯಾಗಬೇಡಿ. ಕರೆಯಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ಅಮ್ಮ, ನೀನು ಪೂರ್ತಿ ಉತ್ತರ ಕೊಟ್ಟು ಮುಗಿಸಿರುತ್ತೀಯ. ಅಪ್ಪಯ್ಯ, ಅಷ್ಟು ಹೊತ್ತಿಗೆ ನೀವು ಎದ್ದು ತೋಟಕ್ಕೆ ಹೋಗಿರುತ್ತೀರಿ. ಈ ಸಂಗತಿಯನ್ನು ಯಾರೂ ನಡುವೆ ಬಾಯಿ ಹಾಕದಂತೆ ಹೇಳಬೇಕಾಗಿದೆ. ಬರೆದದ್ದನ್ನು ಅಣ್ಣನ ಮೊಬೈಲಿಗೆ ಕಳಿಸುತ್ತೇನೆ, ಅವನು ಶಿವಮೊಗ್ಗದಲ್ಲಿ ಮುದ್ರಿಸಿ ತಂದುಕೊಡುತ್ತಾನೆ.

ಬೇಡದ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರಿಗೆ ನಾನು ಊರಿಗೆ ಬರುವುದಿಲ್ಲ. ಟಿಕೆಟ್ ರದ್ದು ಮಾಡಿದ್ದಾಯಿತು. ಕೆಲಸಕ್ಕೆ ತೊಂದರೆಯಿಲ್ಲ, ಮೈ ನೆಟ್ಟಗಿದೆ, ಅಮ್ಮ ಊಹಿಸುತ್ತಿರುವಂತೆ ಯಾವ ಹುಡುಗಿಯೂ ಇಲ್ಲ. ಕಾರಣ ಒಂದು ನಾಯಿ.

ಬೇಸಿಗೆಯಿಂದ ಶನಿವಾರಗಳಂದು ಇಲ್ಲಿನ ಪ್ರಾಣಿಗಳ ಆಶ್ರಯಕ್ಕೆ ಹೋಗುತ್ತಿದ್ದೇನೆ ಎಂದು ಹೇಳಿದ್ದೆನಲ್ಲ, ಅಲ್ಲಿಯದು. ಟಿಯರ್‌ಹೈಮ್ ಎನ್ನುತ್ತಾರೆ, ಟಿಯರ್ ಎಂದರೆ ಪ್ರಾಣಿ, ಹೈಮ್ ಎಂದರೆ ಮನೆ. ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು, ಊರಿನ ಅಂಚು. ಹದಿನಾರು ಹೆಕ್ಟೇರ್, ಅಂದರೆ ನಮ್ಮ ನಾಲ್ಕೆಕರೆಯಂಥ ಹತ್ತು ತೋಟ ಹಿಡಿಸುವ ಜಾಗ. 2001ರಲ್ಲಿ ಕಟ್ಟಿದ ಬರಿಯ ಕಾಂಕ್ರೀಟಿನ ಕಟ್ಟಡಗಳು, ಮೊದಲ ಸಲ ನೋಡಿದಾಗ ಯಾವುದೋ ಅಣೆಕಟ್ಟಿನ ಕಚೇರಿ ಎಂದುಕೊಂಡಿದ್ದೆ. ನಡೆಸುವ ಸಂಘ ಮಾತ್ರ 1841ರಷ್ಟು ಹಳೆಯದು. ನಾಯಿಗಳನ್ನು ಹೊರಗೆ ಸುತ್ತಾಡಿಸಿಕೊಂಡು ಬರುವುದು ನನ್ನಂಥವರ ಕೆಲಸ.

ಲುಪುವನ್ನು ಸುತ್ತಾಡಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಅದು ತಾನೇ ಸುತ್ತುತ್ತಿತ್ತು, ಗಾಣದ ಎತ್ತಿನಂತೆ, ಕೋಣೆಯ ಒಳಗೇ, ಯಾವಾಗಲೂ ಎಡಕ್ಕೆ. ಮೊದಲ ದಿನ ನಾನು ಎಣಿಸಲು ಹೊರಟು ನಲವತ್ತಕ್ಕೆ ಬಿಟ್ಟುಬಿಟ್ಟೆ. ಪ್ರತಿ ಸುತ್ತಿನಲ್ಲೂ ಅದೇ ಮೂಲೆಯಲ್ಲಿ ಅದರ ಭುಜ ಗೋಡೆಗೆ ಉಜ್ಜುತ್ತಿತ್ತು. ಅಲ್ಲಿ ಕೂದಲು ಸವೆದು ಗುಲಾಬಿ ಚರ್ಮ ಕಾಣುತ್ತಿತ್ತು. ಗೋಡೆಯ ಮೇಲೆ, ಸರಿಯಾಗಿ ಅದೇ ಎತ್ತರದಲ್ಲಿ, ಜಿಡ್ಡಿನ ಗೆರೆಯೊಂದು ಮೂಡಿತ್ತು. ನಮ್ಮ ಜಗಲಿಯ ಗೋಡೆಯಲ್ಲಿ ಅಜ್ಜ ತಲೆ ಒರಗಿಸುತ್ತಿದ್ದ ಜಾಗದಲ್ಲಿ ಇತ್ತಲ್ಲ, ಹಾಗೆ. ಬಟ್ಟಲಿನ ಊಟ ಬೆಳಗಿನವರೆಗೂ ಹಾಗೇ. ಎಲ್ಲ ದೀಪ ಆರಿ, ಎಲ್ಲರೂ ಹೋದಮೇಲೆ ತಿನ್ನುತ್ತಿತ್ತಂತೆ. ಯಾರಾದರೂ ಸರಳಿನ ಬಳಿ ನಿಂತರೆ ಆಕಳಿಸುತ್ತಿತ್ತು. ನಿದ್ದೆ ಬಂದಿದೆ ಎಂದುಕೊಂಡೆ. ನಾಯಿ ಹೆದರಿದಾಗಲೂ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ತಲೆ ತಿರುಗಿಸದೆ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ ಎಂದು ಅಲ್ಲಿನ ಹೆಂಗಸೊಬ್ಬರು ಹೇಳಿಕೊಟ್ಟರು.

ಹಾಗೆಂದು ಅಲ್ಲಿ ಕೊರತೆಯೇನೂ ಇಲ್ಲ. ಲುಪುವಿನಷ್ಟು ಎತ್ತರದ ನಾಯಿಯ ಕೋಣೆ ಕನಿಷ್ಠ 8 ಚದರ ಮೀಟರ್ ಇರಬೇಕೆಂದು ಇಲ್ಲಿ ಕಾನೂನೇ ಅಳತೆ ಕೊಟ್ಟಿದೆ. ಪ್ರಾಣಿಗಳ ರಕ್ಷಣೆಯನ್ನು 2002ರಲ್ಲಿ ಸಂವಿಧಾನಕ್ಕೇ ಸೇರಿಸಿದ ದೇಶ ಇದು. ವೈದ್ಯರಿದ್ದಾರೆ, ಹೊತ್ತುಹೊತ್ತಿಗೆ ಊಟವಿದೆ. ಆದರೆ ಹುಟ್ಟಿದ ಮೇಲೆ ಗೋಡೆಯನ್ನೇ ಕಾಣದ ಜೀವಕ್ಕೆ ನಾಲ್ಕು ಗೋಡೆ ಕೊಟ್ಟರೆ ಅದೇನು ಮಾಡಬೇಕು?

ಲುಪು ಜರ್ಮನಿಯದಲ್ಲ, ರೊಮೇನಿಯಾದ ಬೀದಿಯದು. ಅಲ್ಲಿಯ ಮಾತಿನಲ್ಲಿ ಲುಪು ಎಂದರೆ ತೋಳ; ಯಾರು ಹೆಸರಿಟ್ಟರೋ, ಈ ತೋಳ ಪೊರಕೆ ಬಿದ್ದ ಸದ್ದಿಗೆ ಉಚ್ಚೆ ಹೊಯ್ದುಕೊಳ್ಳುತ್ತದೆ. ಆ ದೇಶದಲ್ಲಿ ಸರ್ವಾಧಿಕಾರಿ ಚೌಷೆಸ್ಕು ಕಾಲದಲ್ಲಿ ರಾಜಧಾನಿ ಬುಕಾರೆಸ್ಟ್‌ನ ಹಳೆಯ ಮನೆಗಳನ್ನು ಸಾಲುಸಾಲಾಗಿ ಕೆಡವಿ ಜನರನ್ನು ಫ್ಲ್ಯಾಟುಗಳಿಗೆ ತುಂಬಿದರು. ಅಂಗಳದ ನಾಯಿಗಳು ಬೀದಿಗೆ ಬಿದ್ದವು, ಬೀದಿಯಲ್ಲೇ ಬೆಳೆದವು. 2013ರ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬನನ್ನು ನಾಯಿಗಳು ಕಚ್ಚಿ ಕೊಂದವು. ಊರಿಗೆ ಊರೇ ಸಿಟ್ಟಾಯಿತು, ಕೆಲವೇ ದಿನಗಳಲ್ಲಿ ಕಾನೂನು ಬಂತು: ಹಿಡಿದ ನಾಯಿಯನ್ನು 14 ಕೆಲಸದ ದಿನಗಳೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಕೊಲ್ಲಬಹುದು. ಅಂದಿನಿಂದ ಅವನ್ನು ಉಳಿಸಲು ಹೊರಟವರು ಫೋಟೋ ಹಾಕಿ, ವ್ಯಾನುಗಳಲ್ಲಿ ತುಂಬಿ ಜರ್ಮನಿಗೆ ತರುತ್ತಾರೆ. ಲುಪುವಿನ ಎಡಗಿವಿಯಲ್ಲಿ ಒಂದು ತೂತಿದೆ, ಸಂತಾನಹರಣವಾದದ್ದಕ್ಕೆ ಹಾಕಿದ್ದ ಬಿಲ್ಲೆ ಇದ್ದ ಜಾಗ. ನಮ್ಮಲ್ಲಿ ಕಿವಿಯ ತುದಿ ಕಚ್ಚು ಹಾಕಿ ಬಿಡುತ್ತಾರಲ್ಲ, ಅದೇ ಲೆಕ್ಕ.

ಇಲ್ಲಿಯ ಒಂದು ಕುಟುಂಬ ಫೋಟೋ ನೋಡಿ ಮನಸೋತು ತರಿಸಿಕೊಂಡಿತು. ಒಳ್ಳೆಯವರೇ. ಆದರೆ ಫೋಟೋದ ನಾಯಿ ಸ್ನಾನದ ತೊಟ್ಟಿಯ ಹಿಂದೆ ಸೇರಿದ್ದು ಎರಡು ವಾರ ಹೊರಗೆ ಬರಲಿಲ್ಲ. ಅದಕ್ಕೆ ಮೆಟ್ಟಿಲು ಗೊತ್ತಿಲ್ಲ, ಟಿವಿ ಗೊತ್ತಿಲ್ಲ, ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಬಾಗಿಲು ಗೊತ್ತಿಲ್ಲ. ಮೂರನೆಯ ವಾರ ಪಟ್ಟಿಯಿಂದ ಕತ್ತು ನುಣುಚಿಕೊಂಡು ಓಡಿತು. ರೈಲು ಹಳಿಯ ಪಕ್ಕ ಹನ್ನೊಂದು ದಿನ ಅಲೆದು, ಕೊನೆಗೆ ಮಾಂಸವಿಟ್ಟ ಬೋನಿಗೆ ಬಿತ್ತು. ಅವರು ಮತ್ತೆ ಬೇಡ ಎಂದರು. ಹಾಗೆ ಇಲ್ಲಿಗೆ ಬಂತು.

ನನಗೆ ಕೊಟ್ಟ ಕೆಲಸವೆಂದರೆ ಅದರ ಕೋಣೆಯ ಹೊರಗೆ, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂರುವುದು. ಕಣ್ಣಿಟ್ಟು ನೋಡಬಾರದು, ಕೈ ಚಾಚಬಾರದು, ಕರೆಯಬಾರದು. ಮೆತ್ತನೆಯ ದನಿಯಲ್ಲಿ ಏನಾದರೂ ಓದುತ್ತಿರು ಎಂದರು. ಏನು ಓದಲಿ ಎಂದರೆ ಏನಾದರೂ ಆದೀತಂತೆ. ನನ್ನ ಜರ್ಮನ್ ಉಚ್ಚಾರಣೆ ಕೇಳಿದರೆ ನಾಯಿಗೆ ಇನ್ನಷ್ಟು ಒತ್ತಡವಾದೀತೆಂದು ಮೊಬೈಲಿನಲ್ಲಿ ಊರ ಪತ್ರಿಕೆ ತೆಗೆದೆ. ಸಾವು, ಅಪಘಾತ, ರಾಜಕೀಯ ಬಿಟ್ಟು ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಓದಿದೆ. ಒಂದೊಂದು ಬಗೆಯ ಅಡಿಕೆಗೂ ಒಂದೊಂದು ದರ: ಸರಕು ಇಷ್ಟರಿಂದ ಇಷ್ಟು, ಬೆಟ್ಟೆ ಇಷ್ಟು, ರಾಶಿ ಇಷ್ಟು, ಗೊರಬಲು ಇಷ್ಟು. ಮುಗಿದರೆ ಮತ್ತೆ ಮೊದಲಿನಿಂದ. ಆರನೆಯ ಶನಿವಾರ, ಗೊರಬಲಿಗೆ ಬಂದಾಗ, ಬೆನ್ನ ಹಿಂದೆ ಉಗುರಿನ ಟಕಟಕ ಸದ್ದು ನಿಂತಿತು. ತಿರುಗಿ ನೋಡಲು ಎಷ್ಟು ಆಸೆಯಾಯಿತೋ, ನೋಡಲಿಲ್ಲ. ಆಮೇಲೆ ಬುಸ್ಸೆಂದು ಒಂದು ಉಸಿರು, ಅದು ಮೈ ಚೆಲ್ಲಿದ ಸದ್ದು. ಸ್ಕಾಟ್ಲೆಂಡಿನಲ್ಲಿ ಆಶ್ರಯದ ನಾಯಿಗಳಿಗೆ ಬಗೆಬಗೆಯ ಸಂಗೀತ ಕೇಳಿಸಿ, ರೆಗೆ ಮತ್ತು ಸಾಫ್ಟ್ ರಾಕ್‌ಗೆ ಅವು ಹೆಚ್ಚು ನೆಮ್ಮದಿಯಾಗಿರುತ್ತವೆ ಎಂದು 2017ರಲ್ಲಿ ಪ್ರಕಟಿಸಿದ್ದಾರಂತೆ. ಅಡಿಕೆ ಧಾರಣೆಯನ್ನು ಇನ್ನೂ ಯಾರೂ ಪರೀಕ್ಷಿಸಿದಂತಿಲ್ಲ.

ಅಪ್ಪಯ್ಯ, ಬೆನ್ನು ಹಾಕಿ ಕೂರುವಾಗಲೆಲ್ಲ ನಮ್ಮ ಕರಿಯ ಬಂದ ಮಳೆಗಾಲ ನೆನಪಾಗುತ್ತದೆ. ಬಚ್ಚಲೊಲೆಯ ಪಕ್ಕ ಬಂದು ಮುದುಡಿಕೊಂಡಿದ್ದ ಅದನ್ನು ಮುಟ್ಟಲು ಹೋದ ನನಗೆ ನೀವು ಗದರಿದಿರಿ. ಗರಟೆಯಲ್ಲಿ ಮಜ್ಜಿಗೆ ಅನ್ನ ಇಟ್ಟು, ನಾಯಿಯೇ ಇಲ್ಲವೆಂಬಂತೆ ಬೆನ್ನು ತಿರುಗಿಸಿ ಹೋಗುತ್ತಿದ್ದಿರಿ. ಎಂಟು ದಿನ ಹಾಗೇ. ಒಂಬತ್ತನೆಯ ದಿನ ಅದು ನಿಮ್ಮ ಹಿಂದೆ ತೋಟಕ್ಕೆ ನಡೆಯಿತು. ಹಾಗೆಂದು ನಾವು ನಾಯಿ ಸಾಕಿದ ರೀತಿಯನ್ನು ಹೊಗಳುತ್ತಿಲ್ಲ. ಕರಿಯನಿಗೆ ಒಂದು ಚುಚ್ಚುಮದ್ದೂ ಹಾಕಿಸಲಿಲ್ಲ. ಚಿರತೆ ಹೊತ್ತುಕೊಂಡು ಹೋದ ಮರುತಿಂಗಳೇ ಇನ್ನೊಂದು ಮರಿ ತಂದೆವು, ಅದಕ್ಕೂ ಕರಿಯ ಎಂದೇ ಹೆಸರಿಟ್ಟೆವು.

ಅಮ್ಮ, ನೀನು ಈಗ ಪುಟ್ಟನ ಕಾಲು ತೋರಿಸುತ್ತೀಯ. ಗೊತ್ತು. ಶಾಲೆಯ ಗೇಟಿನಲ್ಲಿ ನಾಯಿ ಕಚ್ಚಿದ ಮೇಲೆ 3, 7, 14, 28ನೆಯ ದಿನದ ಚುಚ್ಚುಮದ್ದು ತಪ್ಪದಿರಲೆಂದು ನೀನು ಅಡುಗೆಮನೆಯ ಕ್ಯಾಲೆಂಡರಿಗೆ ಕುಂಕುಮದ ಬೊಟ್ಟು ಇಟ್ಟಿದ್ದೆ. ಅದನ್ನು ನೋಡಿದವನು ನಾಯಿಗಳ ಪರ ವಾದ ಮಾಡಲಾರೆ. ಮೊನ್ನೆ ಶುಕ್ರವಾರ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯಕ್ಕೆ ಸೇರಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಕೂಡದು ಎಂದದ್ದು ಸರಿ ಎನ್ನುತ್ತೀಯ. ಶಾಲೆಯ ಗೇಟಿನ ಮಟ್ಟಿಗೆ ನಾನೂ ಸರಿ ಎನ್ನುತ್ತೇನೆ. ಆದರೆ ಆಶ್ರಯ ಎಂಬ ಮಾತು ಕೇಳಿದಾಗ ನನಗೆ ಕಾಣುವುದು ಆ ಜಿಡ್ಡಿನ ಗೆರೆ. ಒಂದೊಂದಕ್ಕೂ ಅಳತೆ ಹಿಡಿದು ಕೋಣೆ ಕೊಟ್ಟ ಕಡೆಯೇ ಹೀಗಾದರೆ, ನಮ್ಮಲ್ಲಿ ಒಂದು ಶೆಡ್ಡಿಗೆ ಎಷ್ಟನ್ನು ತುಂಬುತ್ತಾರೋ.

ನಿನ್ನ ಉಳಿದ ಭಯಕ್ಕೆ ಉತ್ತರ: ಲುಪುವಿಗೆ ರೇಬೀಸ್ ಲಸಿಕೆ ಆಗಿದೆ. ಲಸಿಕೆ ಹಾಕಿ 21 ದಿನ ಕಳೆಯದೆ ಗಡಿ ದಾಟಿಸುವಂತೆಯೇ ಇಲ್ಲ. ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇದೆ, ನೀಲಿ ಪಾಸ್‌ಪೋರ್ಟ್ ಇದೆ. ಅದಕ್ಕೆ ಯುರೋಪಿನಲ್ಲಿ ನನ್ನದಕ್ಕಿಂತ ಮರ್ಯಾದೆ ಹೆಚ್ಚು.

ನಾನು ಅರ್ಜಿ ಹಾಕಿದೆ. ಮನೆ ನೋಡಲು ಬಂದರು, ಮನೆಯ ಮಾಲೀಕರ ಒಪ್ಪಿಗೆ ಪತ್ರ ಕೇಳಿದರು, ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿ ಬಿಡುತ್ತೀರಿ ಎಂದು ಮೂರು ಸಲ ಬೇರೆಬೇರೆ ಮಾತಿನಲ್ಲಿ ಕೇಳಿದರು. ಅಣ್ಣನಿಗೆ ಹೆಣ್ಣು ಕೊಡುವಾಗ ಅತ್ತಿಗೆಯ ಕಡೆಯವರು ಇಷ್ಟು ವಿಚಾರಿಸಿರಲಿಲ್ಲ. ನಾಯಿಗೆ ವಿಮೆ ಕಡ್ಡಾಯ. ಈ ಊರಿನಲ್ಲಿ ನಾಯಿ ಸಾಕುವವರಿಗೆ ವರ್ಷಕ್ಕೆ 120 ಯುರೋ ಕಂದಾಯ ಬೇರೆ, ಆಶ್ರಯದಿಂದ ತಂದದ್ದಕ್ಕೆ ಮೊದಮೊದಲು ವಿನಾಯಿತಿ ಇದೆ ಅಷ್ಟೆ! ಅಪ್ಪಯ್ಯ, ನೀವು ಪಂಚಾಯಿತಿಯವರನ್ನು ಇನ್ನು ಬೈಯಬಾರದು. ನೆಲಮಹಡಿಯ ಮನೆ, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಎಂದದ್ದರಿಂದ ಒಪ್ಪಿದರು.

ಬರುವ 22, ಶನಿವಾರ ಕರೆತರುತ್ತೇನೆ. ಹೊಸ ಜಾಗದಲ್ಲಿ ಉಸಿರಾಡಲು ಮೂರು ದಿನ, ಹೊಂದಿಕೊಳ್ಳಲು ಮೂರು ವಾರ, ಇದು ನನ್ನ ಮನೆ ಎಂದುಕೊಳ್ಳಲು ಮೂರು ತಿಂಗಳು ಎಂಬುದು ಇಲ್ಲಿಯವರ ಲೆಕ್ಕ. ಬೀದಿಗೆ ಹೊರಟರೆ ಎದೆಗೂ ಹೊಟ್ಟೆಗೂ ಪಟ್ಟಿ ಬಿಗಿದು ಎರಡೆರಡು ಹಗ್ಗ ಹಿಡಿಯಬೇಕು, ಒಂದು ನನ್ನ ಸೊಂಟಕ್ಕೇ. ಮತ್ತೆ ಡಿಸೆಂಬರ್ 31ರ ರಾತ್ರಿ ಈ ಊರು ನಮ್ಮ ಹತ್ತು ದೀಪಾವಳಿಯ ಪಟಾಕಿಯನ್ನು ಒಂದೇ ಸಲ ಸುಡುತ್ತದೆ. ಆವತ್ತು ಲುಪುವನ್ನು ಇನ್ನೊಬ್ಬರ ಕೈಗೆ ಕೊಟ್ಟು ವಿಮಾನದಲ್ಲಿ ಕೂರಲು ನನ್ನಿಂದ ಆಗುವುದಿಲ್ಲ. ಯುಗಾದಿಗೆ ಬರುತ್ತೇನೆ. ಎದುರು ಮನೆಯ ಮುದುಕಿ ಮೂವತ್ತು ವರ್ಷ ನಾಯಿ ಸಾಕಿದವಳು. ಅಷ್ಟರಲ್ಲಿ ಲುಪು ಅವಳನ್ನು ಒಪ್ಪಿಕೊಂಡರೆ ಅವಳ ಬಳಿ ಬಿಡಬಹುದು. ಕೊಯ್ಲಿನ ಹೊತ್ತಿಗೆ ನಾನಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬಂದಾಗಲೂ ನಾನು ಸುಲಿದ ಅಡಿಕೆಯನ್ನು ನೀವು ಮತ್ತೆ ಆರಿಸುತ್ತಿದ್ದಿರಿ.

ಒಂದು ಕೆಲಸವಾಗಬೇಕು. ಅಣ್ಣನ ಗೆಳೆಯ ಇದೇ 19ಕ್ಕೆ ಬೆಂಗಳೂರಿನಿಂದ ಇಲ್ಲಿಗೆ ಹೊರಡುತ್ತಾನೆ. ಬಚ್ಚಲ ಪಕ್ಕದ ಗಳುವಿನ ಮೇಲೆ ಅಪ್ಪಯ್ಯನ ಹಳೆಯ ಕಂಬಳಿ ಇದೆಯಲ್ಲ, ಒಲೆಯ ಹೊಗೆ ಹಿಡಿದದ್ದು, ಅದನ್ನು ಅವನ ಕೈಯಲ್ಲಿ ಕಳಿಸಿ. ಅಂಗಡಿಯಿಂದ ತಂದ ಹಾಸಿಗೆಯ ಸಾಬೂನು ವಾಸನೆಗೆ ಲುಪು ಅದರ ಹತ್ತಿರವೂ ಸುಳಿಯುವುದಿಲ್ಲ. ಅಮ್ಮ, ದಯವಿಟ್ಟು ಕಂಬಳಿಯನ್ನು ಒಗೆಯಬೇಡ.

ಇಂತಿ ನಿಮ್ಮ ಮಗ
ಸುಧಿ