ಗಾರ್ಗಿಯಿಂದ ಶುರು ಮಾಡು

ಪ್ರೀತಿಯ ಮಗಳೇ,

ಉಪನಿಷತ್ತು ಓದಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ ಅಲ್ವಾ? 108 ಹೆಸರುಗಳ ಪಟ್ಟಿ ನೋಡಿ ಹೆದರಬೇಡ. ಶಂಕರಾಚಾರ್ಯರು ಭಾಷ್ಯ ಬರೆದ ಹತ್ತನ್ನು ಹಿಡಿದರೆ ಸದ್ಯಕ್ಕೆ ಸಾಕು. ಮಾಂಡೂಕ್ಯದಲ್ಲಿ ಬರೀ 12 ಮಂತ್ರ ಇರುವುದರಿಂದ ಹಲವರು ಅದನ್ನೇ ಮೊದಲು ತೆಗೆಯುತ್ತಾರೆ. ಚಿಕ್ಕದು ನಿಜ, ಆದರೆ ಸುಲಭವಲ್ಲ. ನೀನು ಬೃಹದಾರಣ್ಯಕದ ಮೂರನೇ ಅಧ್ಯಾಯ ತೆಗೆ. ಅಲ್ಲಿ ಗಾರ್ಗಿ ಇದ್ದಾಳೆ.

ವಿದೇಹದ ಜನಕರಾಜನ ಯಜ್ಞ. ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸು ನಿಂತಿವೆ. ನಿಮ್ಮಲ್ಲಿ ಬ್ರಹ್ಮವನ್ನು ಚೆನ್ನಾಗಿ ಬಲ್ಲವರು ಹೊಡೆದುಕೊಂಡು ಹೋಗಿ ಅನ್ನುತ್ತಾನೆ ರಾಜ. ಯಾರೂ ಏಳುವುದಿಲ್ಲ. ಯಾಜ್ಞವಲ್ಕ್ಯರು ಮಾತ್ರ ಶಿಷ್ಯನನ್ನು ಕರೆದು, ಇವನ್ನು ಹೊಡೆದುಕೊಂಡು ನಡಿ ಅನ್ನುತ್ತಾರೆ. ಸಭೆಗೆ ಸಿಟ್ಟು ಬರುತ್ತದೆ. ಒಬ್ಬೊಬ್ಬರಾಗಿ ಪ್ರಶ್ನೆ ಹಾಕುತ್ತಾರೆ.

ಗಾರ್ಗಿಯ ಸರದಿ ಬರುತ್ತದೆ. ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ, ಹಾಗಾದರೆ ನೀರು ಯಾವುದರಲ್ಲಿ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಒಂದೊಂದೇ ಲೋಕ ಹತ್ತುತ್ತಾ ಬ್ರಹ್ಮಲೋಕದವರೆಗೆ ಹೋಗುತ್ತಾಳೆ. ಅದು ಯಾವುದರಲ್ಲಿ ಅಂದಾಗ ಯಾಜ್ಞವಲ್ಕ್ಯರು ತಡೆಯುತ್ತಾರೆ: ಅತಿಯಾಗಿ ಕೇಳಬೇಡ ಗಾರ್ಗಿ, ತಲೆ ಬಿದ್ದೀತು. ಅವಳು ಸುಮ್ಮನಾಗುತ್ತಾಳೆ.

ಅಲ್ಲಿಗೇ ಪುಸ್ತಕ ಮುಚ್ಚಿ, ನೋಡಿ, ಹೆಣ್ಣಿನ ಬಾಯಿ ಮುಚ್ಚಿಸಿದರು ಅನ್ನುವವರಿದ್ದಾರೆ. ಇನ್ನೊಂದು ಭಾಗ ದಾಟಿದರೆ, ಅದೇ ಸಭೆಯಲ್ಲಿ ಅವಳು ಮತ್ತೆ ಎದ್ದು ನಿಂತಿರುತ್ತಾಳೆ! ಕಾಶಿಯದೋ ವಿದೇಹದ್ದೋ ವೀರ ಬಿಲ್ಲಿಗೆ ಹೆದೆ ಏರಿಸಿ ಎರಡು ಬಾಣ ಹಿಡಿದು ಬರುವಂತೆ ಎರಡು ಪ್ರಶ್ನೆ ಹಿಡಿದು ಬಂದಿದ್ದೇನೆ, ಉತ್ತರ ಹೇಳಿ ಅನ್ನುತ್ತಾಳೆ. ಆಕಾಶದ ಮೇಲಿರುವುದು, ಭೂಮಿಯ ಕೆಳಗಿರುವುದು, ಆಗಿದ್ದು, ಆಗುತ್ತಿರುವುದು, ಆಗಲಿರುವುದು ಎಲ್ಲ ಯಾವುದರಲ್ಲಿ ಹಾಸುಹೊಕ್ಕಾಗಿದೆ? ಅವರು ಹೇಳಿದ ಮೇಲೆ, ಅದು ಯಾವುದರಲ್ಲಿ ಅಂತ ಎರಡನೆಯದು. ಈ ಸಲ ಯಾಜ್ಞವಲ್ಕ್ಯರು ತಡೆಯುವುದಿಲ್ಲ. ದಪ್ಪವಲ್ಲ, ಸಣ್ಣದಲ್ಲ, ಗಿಡ್ಡವಲ್ಲ, ಉದ್ದವಲ್ಲ ಅಂತ ಅಕ್ಷರತತ್ವವನ್ನೇ, ಅಂದರೆ ಎಂದೂ ನಾಶವಾಗದ ತತ್ವವನ್ನೇ, ಬಿಡಿಸಿ ಹೇಳುತ್ತಾರೆ. ನನಗೆ ಇಡೀ ಉಪನಿಷತ್ತಿನಲ್ಲಿ ಇದಕ್ಕಿಂತ ಎತ್ತರದ ಮಾತು ಕಂಡಿಲ್ಲ. ಗಾರ್ಗಿ ಎರಡನೇ ಸಲ ಏಳದಿದ್ದರೆ ಅದು ನಮಗೆ ಸಿಗುತ್ತಿರಲಿಲ್ಲ.

ಆಮೇಲೆ ಅವಳೇ ಸಭೆಗೆ ಹೇಳುತ್ತಾಳೆ: ಇವರಿಗೆ ನಮಸ್ಕಾರ ಮಾಡಿ ಬಿಡುಗಡೆ ಪಡೆಯಿರಿ, ಇವರನ್ನು ಯಾರೂ ಗೆಲ್ಲಲಾರಿರಿ. ಆ ಮಾತು ಕೇಳದೆ ವಾದಕ್ಕೆ ನಿಂತ ಶಾಕಲ್ಯನ ತಲೆ ನಿಜವಾಗಿಯೂ ಬೀಳುತ್ತದೆ.

ಕಠದ ನಚಿಕೇತ, ಛಾಂದೋಗ್ಯದ ಶ್ವೇತಕೇತು ಆಮೇಲೆ ಸಿಗಲಿ. ಮೊದಲು ಮೂಲವನ್ನು ಜೋರಾಗಿ ಓದು, ಅರ್ಥ ಆಮೇಲೆ ನೋಡು. ಎಲ್ಲಿ ತಡೆಯಿತೋ ಅಲ್ಲಿ ಗುರುತು ಹಾಕಿ ನನಗೆ ಬರೆ.

ಇಂತಿ,
ನಿನ್ನ ಅಮ್ಮ