ಕೊನೆ ದಿನಾಂಕ ಕೋಡ್‌ನೊಳಗೆ ಬೇಡ

ಮಾನ್ಯ ಸಂಪಾದಕರೇ,

ಅರ್ಜಿ ಹಾಕುವ ಕೊನೆ ದಿನ ಮುಂದೆ ಹೋಯಿತು ಅಂತ ಪತ್ರಿಕೆಯಲ್ಲಿ ಬರುತ್ತದೆ. ಮಾಲೂರು, ಶ್ರೀನಿವಾಸಪುರದ ಸೈಬರ್ ಸೆಂಟರ್‌ಗಳಿಗೆ ಮಕ್ಕಳು ಓಡುತ್ತಾರೆ. ವೆಬ್‌ಸೈಟ್ ಮಾತ್ರ ‘ಅವಧಿ ಮುಗಿದಿದೆ’ ಅನ್ನುತ್ತದೆ. ಈ ಸಲ ನಮ್ಮ ಅಕ್ಕನ ಮಗಳ ವಿದ್ಯಾರ್ಥಿವೇತನದ ಅರ್ಜಿಗೂ ಹೀಗೇ ಆಯಿತು. ಫೋನ್ ಮಾಡಿದರೆ ‘ಸರ್ವರ್ ಸಮಸ್ಯೆ’ ಅಂದರು. ನಾನು ಬಂಗಾರಪೇಟೆಯಲ್ಲಿ ವೆಬ್‌ಸೈಟ್ ಕಟ್ಟುವ ಕೆಲಸ ಮಾಡುತ್ತೇನೆ. ದಿನಾಂಕ ಬದಲಾಗದಿದ್ದರೆ ಸರ್ವರ್ ಏನು ಮಾಡೀತು?

ಕೊನೆ ದಿನ, ಶುಲ್ಕ, ಆದಾಯ ಮಿತಿ ಇವೆಲ್ಲ ಬದಲಾಗುತ್ತಲೇ ಇರುತ್ತವೆ. ಇವನ್ನು ಕೋಡ್‌ನಲ್ಲೇ ಬರೆದುಬಿಟ್ಟರೆ ಒಂದು ದಿನಾಂಕ ತಿದ್ದುವುದಕ್ಕೂ ಪ್ರೋಗ್ರಾಮರ್ ಬರಬೇಕು. ಸೆಟ್ಟಿಂಗ್‌ನಲ್ಲಿ ಇಟ್ಟವರೂ ಕೆಲವೊಮ್ಮೆ ಎಡವುತ್ತಾರೆ. ವೆಬ್‌ಸೈಟ್ ಕಟ್ಟಲು ಬಳಸುವ ನೆಕ್ಸ್ಟ್ ಜೆಎಸ್ ಎಂಬ ಸಾಧನದಲ್ಲಿ ‘ನೆಕ್ಸ್ಟ್ ಪಬ್ಲಿಕ್’ ಎಂದು ಶುರುವಾಗುವ ಸೆಟ್ಟಿಂಗ್‌ಗಳು ಬಿಲ್ಡ್ ಮಾಡುವಾಗಲೇ, ಅಂದರೆ ಕೋಡನ್ನು ಓಡಿಸಲು ಸಿದ್ಧಪಡಿಸುವಾಗಲೇ, ಕೋಡ್‌ಗೆ ಸೇರಿಬಿಡುತ್ತವೆ. ಆಮೇಲೆ ಸರ್ವರ್‌ನಲ್ಲಿ ಬದಲಿಸಿ ರೀಸ್ಟಾರ್ಟ್ ಮಾಡಿದರೂ ಬ್ರೌಸರ್‌ಗೆ ಹಳೆಯದೇ ಹೋಗುತ್ತದೆ. ಅಂಥದೇ ಇನ್ನೊಂದು ಸಾಧನ ನಕ್ಸ್ಟ್‌ನ ರನ್‌ಟೈಮ್ ಕಾನ್ಫಿಗ್ (ಓಡುವ ಹೊತ್ತಿನ ಸೆಟ್ಟಿಂಗ್) ಸರ್ವರ್ ಶುರುವಾಗುವಾಗ ಹೊಸದನ್ನು ಓದಿಕೊಳ್ಳುತ್ತದೆ, ಮತ್ತೆ ಬಿಲ್ಡ್ ಬೇಡ. ಆದರೆ ಅದರ ‘ಪಬ್ಲಿಕ್’ ಭಾಗದಲ್ಲಿ ಇಟ್ಟದ್ದು ಎಲ್ಲರ ಬ್ರೌಸರ್‌ಗೂ ಹೋಗುತ್ತದೆ. ಪೇಮೆಂಟ್ ಗೇಟ್‌ವೇಯ ಗುಟ್ಟಿನ ಕೀ ಅಲ್ಲಿ ಬೇಡವೇ ಬೇಡ.

ಪಾಸ್‌ವರ್ಡ್, ಕೀಗಳು ಸರ್ವರ್‌ನ ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಕೋಡ್‌ನ ಹೊರಗಿನ ಸೆಟ್ಟಿಂಗ್‌ನಲ್ಲಿ ಇರಲಿ. ಕೊನೆ ದಿನಾಂಕ ಡೇಟಾಬೇಸ್‌ನಲ್ಲಿರಲಿ. ಕಚೇರಿಯವರೇ ಲಾಗಿನ್ ಆಗಿ ಬದಲಿಸುವಂತಿರಬೇಕು, ಯಾರು ಯಾವಾಗ ಬದಲಿಸಿದರು ಅನ್ನುವುದೂ ದಾಖಲಾಗಬೇಕು. ಇದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಸಮಯದ್ದು ಇನ್ನೊಂದು ತೊಂದರೆ, ನನಗೆ ಜಾಸ್ತಿ ಸಂಕಟ ಆಗೋದು ಇದಕ್ಕೇ. ವೆಬ್‌ಸೈಟ್‌ಗಳ ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆಗೆ ‘2025-06-30’ ಎಂದಷ್ಟೇ ಕೊಟ್ಟರೆ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದ ಮಧ್ಯರಾತ್ರಿ ಅಂತ ಓದುತ್ತದೆ. ನಮಗೆ ಆಗ ಅದೇ ದಿನ ಬೆಳಿಗ್ಗೆ 5.30. ಆ ಹೊತ್ತು ದಾಟಿದರೆ ಅರ್ಜಿ ಬೇಡ ಅಂತ ಕೋಡ್ ಬರೆದರೆ ಕೊನೆಯ ದಿನ ಪೂರ್ತಿ ಕೈತಪ್ಪುತ್ತದೆ. ಹಗಲೆಲ್ಲ ಟೊಮೆಟೊ ಕೀಳಲು ಹೋಗಿ ಸಂಜೆ ಅರ್ಜಿ ತುಂಬಿಸಲು ಬರುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ, ಅಲ್ವಾ? ದಿನಾಂಕದ ಜೊತೆ ರಾತ್ರಿ 11.59 ಎಂದೂ, ನಮ್ಮ ಸಮಯದ +05:30 ಎಂದೂ ಸೇರಿಸಿದರೆ ಈ ತೊಂದರೆ ಇರುವುದಿಲ್ಲ.

ದಿನಾಂಕ, ಶುಲ್ಕ ಬದಲಿಸಲು ಹೊಸ ಬಿಲ್ಡ್ ಬೇಕಾಗಬಾರದು ಎಂಬ ಷರತ್ತು ಟೆಂಡರ್‌ನಲ್ಲೇ ಇರಲಿ. ವೆಬ್‌ಸೈಟ್ ವಹಿಸಿಕೊಳ್ಳುವ ಮುಂಚೆ ಅಧಿಕಾರಿಗಳು ತಮ್ಮ ಕೈಯಾರೆ ಒಂದು ದಿನಾಂಕ ಬದಲಿಸಿ ನೋಡಲಿ. ಈ ಸಲ ಪುಟ ತೆರೆಯದೆ ವಾಪಸ್ ಹೋದ ಮಕ್ಕಳಿಗೆ, ಕಳೆದುಹೋದ ಅಷ್ಟೂ ದಿನಗಳನ್ನು ಮತ್ತೆ ಕೊಡಬೇಕು.

ವೆಬ್ ಡೆವಲಪರ್, ಬಂಗಾರಪೇಟೆ, ಕೋಲಾರ ಜಿಲ್ಲೆ