ಜೇಬಿನ ಮೊಬೈಲ್ ಫಾರ್ವರ್ಡ್ ಮತ್ತು ಭಾನುವಾರದ ಮಾತುಕತೆ

ಎಲ್ಲರಿಗೂ ನಮಸ್ಕಾರ.

"ಪ್ಯಾಂಟ್ ಜೇಬಲ್ಲಿ ಮೊಬೈಲ್ ಇಟ್ಟರೆ ಮಕ್ಕಳಾಗಲ್ಲ" ಅನ್ನೋ ಫಾರ್ವರ್ಡನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಅದು ಸಾಬೀತಾದ ಮಾತಲ್ಲ.

ಸ್ವಿಟ್ಜರ್ಲೆಂಡ್‌ನ 18ರಿಂದ 22 ವಯಸ್ಸಿನ 2,886 ಯುವಕರ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ದಿನಕ್ಕೆ 20ಕ್ಕಿಂತ ಜಾಸ್ತಿ ಸಲ ಫೋನ್ ಬಳಸುವವರಲ್ಲಿ, ಅಪರೂಪಕ್ಕೆ ಬಳಸುವವರಿಗಿಂತ ವೀರ್ಯಾಣು ಕಡಿಮೆ ಇತ್ತು. ಆದರೆ ಫೋನ್ ಜೇಬಲ್ಲಿ ಇಡುವುದಕ್ಕೂ ಅದಕ್ಕೂ ನಂಟು ಕಾಣಲಿಲ್ಲ. ರೇಡಿಯೇಷನ್ನೇ ಕಾರಣ ಅಂತಲೂ ತೀರ್ಮಾನವಾಗಿಲ್ಲ. ಸಿಗರೇಟು ಸೇದುತ್ತಲೇ ಈ ಫಾರ್ವರ್ಡ್ ಓದಿ ಗಾಬರಿಯಾದವರೂ ಇದ್ದೀರಿ, ಅಲ್ವಾ? ಸಿಗರೇಟಿನ ಹಾನಿ ಬಗ್ಗೆ ಮಾತ್ರ ಅನುಮಾನವೇ ಬೇಡ!

ಈ ಭಾನುವಾರ ಬೆಳಿಗ್ಗೆ 10:30ಕ್ಕೆ ಸಂಘದ ಹಾಲ್‌ಗೆ ಮೂತ್ರರೋಗ ತಜ್ಞರೊಬ್ಬರು ಬರುತ್ತಾರೆ. ಹೊಸದಾಗಿ ಮದುವೆಯಾದವರು, ಮಗುವಿಗಾಗಿ ಕಾಯುತ್ತಿರುವವರು ಖಂಡಿತ ಬನ್ನಿ. ಗಂಡ ಹೆಂಡತಿ ಇಬ್ಬರೂ ಬಂದರೆ ಇನ್ನೂ ಒಳ್ಳೆಯದು. ಕೇಳೋಕೆ ಮುಜುಗರ ಅನ್ನಿಸಿದರೆ ಹೆಸರು ಹಾಕದೆ ಚೀಟಿ ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕಿ.

ಅಲ್ಲಿವರೆಗೆ ಸುಮ್ನೆ ಹೆದರಬೇಡಿ. ಬಿಸಿಯಾದ ಲ್ಯಾಪ್‌ಟಾಪ್ ಮಾತ್ರ ತೊಡೆ ಮೇಲೆ ಬೇಡ, ಶಾಖ ವೀರ್ಯಾಣುಗಳಿಗೆ ಆಗಿಬರಲ್ಲ. ವರ್ಷ ಕಾದರೂ ಮಗು ಆಗದಿದ್ದರೆ ಹೆಂಡತಿಯನ್ನಷ್ಟೇ ಆಸ್ಪತ್ರೆಗೆ ಕಳಿಸದೆ ನೀವೂ ಪರೀಕ್ಷೆ ಮಾಡಿಸಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ. ಕುರ್ಚಿ, ಕಾಫಿಗೆ ಲೆಕ್ಕ ಬೇಕು.